ಯಕ್ಷಗಾನದ ಫೋಟೋಗೆ ಪ್ರೈಮ್ ಲೆನ್ಸೋ, ಜೂಮ್ ಲೆನ್ಸೋ?

ಹೊಸಬ_ಉಡುಪಿ: ಕ್ಯಾನನ್ ಕ್ರಾಪ್ ಸೆನ್ಸರ್ (35 ಎಂಎಂ ಫಿಲ್ಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ ಇದೆ, 24 ಮೆಗಾಪಿಕ್ಸೆಲ್. ಜೊತೆಗೆ ಬಂದ 18-55 ಲೆನ್ಸ್ ಬಿಟ್ಟರೆ ಬೇರೆ ಇಲ್ಲ. ಈ ತಿರುಗಾಟದಲ್ಲಿ ಬಯಲಾಟದ ಫೋಟೋ ತೆಗೆಯಬೇಕು. ಜೂಮ್ ಆಗದ ಪ್ರೈಮ್ ಲೆನ್ಸ್ 50 ಎಂಎಂ ಎಫ್/1.8 ತಗೊಳ್ಳಲಾ, 55-250 ಜೂಮ್ ತಗೊಳ್ಳಲಾ? ಎರಡಕ್ಕೂ ದುಡ್ಡಿಲ್ಲ.

ಚೌಕಿಮನೆ: 50 ತಗೊಳ್ಳಿ. 55-250 ಅನ್ನು ಪೂರ್ತಿ ಜೂಮ್ ಮಾಡಿದರೆ ಎಫ್/5.6. ಎಫ್/1.8ರಲ್ಲಿ ಅದರ ಹತ್ತು ಪಟ್ಟಿನ ಹತ್ತಿರ ಬೆಳಕು ಬರುತ್ತದೆ. ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 6400 ಇಡಬೇಕಾದಲ್ಲಿ 640 ಸಾಕು. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣದ ವೇಷದ ಮುಖಕ್ಕೆ ಚುಟ್ಟಿ (ಅಕ್ಕಿ ಹಿಟ್ಟಿನ ಉಬ್ಬು ಚುಕ್ಕೆ) ಇಡುವುದನ್ನು ತೆಗೆಯಲು ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ವೇಷ ದೂರ ಆಯ್ತಾ? ಕಾಲೇ ಜೂಮ್. ನಾಲ್ಕು ಹೆಜ್ಜೆ ಮುಂದೆ ಹೋಗಿ.

ಮೂರನೇ_ಸಾಲು: "ನಾಲ್ಕು ಹೆಜ್ಜೆ ಮುಂದೆ" ಹೋಗಿ ನಿಂತರೆ ಹಿಂದೆ ಕೂತವರು ಬೈಯುತ್ತಾರೆ. ಬೈಯಲೇಬೇಕು. ಆಟ ಆಡುವುದು ನೋಡಲು ಬಂದವರಿಗೆ, ಕ್ಯಾಮೆರಾದವರಿಗಲ್ಲ. ಇಡೀ ರಂಗಸ್ಥಳಕ್ಕೆ 18-55 ಇದ್ದೇ ಇದೆ. ಕೂತಲ್ಲಿಂದಲೇ ವೇಷದ ಕಣ್ಣು ಸಿಗಬೇಕಾದರೆ 55-250 ಬೇಕು. ಅದರಲ್ಲಿ ಐಎಸ್ (ಇಮೇಜ್ ಸ್ಟೆಬಿಲೈಸೇಶನ್) ಕೂಡ ಇದೆ, ನಡುಕ ಬರುವುದಿಲ್ಲ.

ಗೆಜ್ಜೆ_ಸದ್ದು: ಐಎಸ್ ನಿಲ್ಲಿಸುವುದು ನಿಮ್ಮ ಕೈ ನಡುಕವನ್ನು. ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹಾಕುತ್ತಿರುವ ವೇಷವನ್ನು ಅದು ನಿಲ್ಲಿಸುತ್ತದಾ? ಅದಕ್ಕೆ ಶಟರ್ 1/500 ಸೆಕೆಂಡ್ ಆದರೂ ಬೇಕು. ಎಫ್/5.6ರಲ್ಲಿ ರಾತ್ರಿ ಅಷ್ಟು ಬೆಳಕು ಎಲ್ಲಿಂದ ತರುತ್ತೀರಿ?

ಶಟರ್_ರಾಯ: ಬೆಳಕಿನ ಮಾತು ಬಿಡಿ. "ಕಾಲೇ ಜೂಮ್" ಅನ್ನುವ ಮಾತೇ ತಪ್ಪು. ವೇಷ ನಿಮ್ಮಿಂದ 3 ಮೀಟರ್ ದೂರ, ಹಿಂದೆ ಭಾಗವತರು 6 ಮೀಟರ್ ದೂರ ಅಂದುಕೊಳ್ಳಿ. ಭಾಗವತರು ವೇಷದ ಅರ್ಧ ಅಳತೆಗೆ ಕಾಣುತ್ತಾರೆ. ನೀವು 9 ಮೀಟರಿಗೆ ಹಿಂದೆ ಸರಿದರೆ ಅವರು 12ರಲ್ಲಿ ಇರುತ್ತಾರೆ, ಈಗ ಮುಕ್ಕಾಲು ಅಳತೆ. ನಡೆದರೆ ಚಿತ್ರದ ಒಳಗಿನ ಅಳತೆಯೇ ಬದಲಾಗುತ್ತದೆ. ಜೂಮ್ ಮಾಡಿದರೆ ಬದಲಾಗುವುದಿಲ್ಲ.

ಚೌಕಿಮನೆ: "ಜೂಮ್ ಮಾಡಿದರೆ ಬದಲಾಗುವುದಿಲ್ಲ"ವಾ? ಟೆಲಿ ಲೆನ್ಸ್ (ದೂರದ್ದನ್ನು ದೊಡ್ಡದಾಗಿ ತೋರಿಸುವ ಲೆನ್ಸ್) ಹಿನ್ನೆಲೆಯನ್ನು ಹತ್ತಿರ ಎಳೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ಲೆನ್ಸಿನ ಗುಣ.

ಶಟರ್_ರಾಯ: ಲೆನ್ಸಿನ ಗುಣ ಅಲ್ಲ, ದೂರದ ಗುಣ. ಟೆಲಿ ಹಾಕಿದವರು ದೂರ ನಿಂತಿರುತ್ತಾರೆ, ಅಷ್ಟೇ. ಒಂದೇ ಜಾಗದಿಂದ 18ರಲ್ಲೊಂದು, 55ರಲ್ಲೊಂದು ತೆಗೆಯಿರಿ. 18ರ ಚಿತ್ರವನ್ನು ನಡುವಿನಿಂದ ಕತ್ತರಿಸಿ ಪಕ್ಕದಲ್ಲಿಡಿ. ಭಾಗವತರೂ ವೇಷವೂ ಎರಡರಲ್ಲೂ ಒಂದೇ ಅಳತೆ.

ಚೌಕಿಮನೆ: "ಕತ್ತರಿಸಿ" ಅಂತೀರಲ್ಲ, 24 ಮೆಗಾಪಿಕ್ಸೆಲ್‌ನಲ್ಲಿ ಎರಡೂವರೆ ಉಳಿಯುತ್ತದೆ. ಅದನ್ನು ಯಾರು ಪ್ರಿಂಟ್ ಹಾಕಿಸುತ್ತಾರೆ?

ಶಟರ್_ರಾಯ: ಪ್ರಿಂಟ್ ಹಾಕಿಸಿ ಅಂತ ಯಾರು ಹೇಳಿದರು ಮಾರಾಯ್ರೆ! ಅಳತೆ ನೋಡಿ ಅಂದೆ. ಓದಿ ಉತ್ತರ ಕೊಡಿ.

ಮೂರನೇ_ಸಾಲು: ಎರಡೂವರೆ ಸಾಲದು ಎಂದು ಚೌಕಿಮನೆಯವರೇ ಹೇಳಿದರು. ಹಾಗಾದರೆ 50ರಲ್ಲಿ ತೆಗೆದದ್ದನ್ನು 250ರ ನೋಟಕ್ಕೆ ಕತ್ತರಿಸಿದರೆ 1 ಮೆಗಾಪಿಕ್ಸೆಲ್ಲೂ ಉಳಿಯುವುದಿಲ್ಲ, ಅಲ್ವಾ?

ಚೌಕಿಮನೆ: "250ರ ನೋಟ" ಯಾರಿಗೆ ಬೇಕು? ಫ್ರೆಂಚ್ ಫೋಟೋಗ್ರಾಫರ್ ಕಾರ್ತಿಯೇ-ಬ್ರೆಸಾನ್ ತಮ್ಮ ಹೆಚ್ಚಿನ ಕೆಲಸವನ್ನು 50ರಲ್ಲೇ ಮಾಡಿದರು.

ಗೆಜ್ಜೆ_ಸದ್ದು: ಅವರದು 35 ಎಂಎಂ ಫಿಲ್ಮ್ ಲೈಕಾ. ಕ್ಯಾನನ್ ಕ್ರಾಪ್‌ನಲ್ಲಿ 50 ಹಾಕಿದರೆ 1.6 ಪಟ್ಟು, ಅಂದರೆ 80ರ ನೋಟ. ನಾನೂ ಪ್ರೈಮ್ ಕಡೆಯವಳೇ, ಆದರೆ ಈ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ.

ಹೊಸಬ_ಉಡುಪಿ: ಹಳೆಯ 85 ಎಫ್/1.8 ಸಿಕ್ಕರೆ ಹೇಗೆ? ನನ್ನ ಕ್ರಾಪ್‌ನಲ್ಲಿ ಅದು 136 ಆಗುತ್ತದೆ. ಎರಡನೇ ಸಾಲಲ್ಲಿ ಕೂತರೆ ಸಾಕಾಗಬಹುದಾ?

ಗೆಜ್ಜೆ_ಸದ್ದು: ಸಾಕು. ಖರೀದಿಗೆ ಮೊದಲು ಒಳಗೆ ಫಂಗಸ್ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ನಮ್ಮ ಕರಾವಳಿಯ ಮಳೆಗಾಲ ಕಳೆದ ಲೆನ್ಸಿಗೆ ಅದೇ ದೊಡ್ಡ ಭಯ.

ಚೌಕಿಮನೆ: 80 ಆದರೆ ಇನ್ನೂ ಒಳ್ಳೆಯದೇ, ಮುಖಕ್ಕೆ ಸರಿಯಾಗಿ ಕೂರುತ್ತದೆ. ನನ್ನ ಮಾತೇ ನಿಂತಿತು.

ಶಟರ್_ರಾಯ: ಭಾಗವತರ ಅಳತೆಗೆ ಇನ್ನೂ ಉತ್ತರ ಬಂದಿಲ್ಲ. ಒಂದೇ ಜಾಗದಿಂದ ತೆಗೆದ ಎರಡು ಫೋಟೋ ಹಾಕಿ, ಆಮೇಲೆ ಮಾತಾಡೋಣ.

ಚೌಕಿಮನೆ: ನೀವೇ ಮೊದಲು ಹಾಕಿ.