ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ ಎಸ್‌ಎಟಿ ಅಂಕ ಕಳುಹಿಸಲೇಬೇಕೇ?

ವಿದ್ಯಾನಗರದ ಪೋಷಕ, ದಾವಣಗೆರೆ

ನನ್ನ ಮಗಳು ಇಲ್ಲಿಯೇ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದಾಳೆ. ಎಸ್ಸೆಸ್ಸೆಲ್ಸಿಯವರೆಗೆ ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಭೌತಶಾಸ್ತ್ರದ ಜೊತೆಗೆ ತತ್ವಶಾಸ್ತ್ರವನ್ನೂ ಓದುವ ಆಸೆಯಿಂದ ಅಮೆರಿಕದ ಬೋಡನ್, ಬೇಟ್ಸ್‌ನಂತಹ ಸಣ್ಣ ಲಿಬರಲ್ ಆರ್ಟ್ಸ್ (ವಿಜ್ಞಾನ, ಕಲೆ ಎರಡನ್ನೂ ಒಟ್ಟಿಗೆ ಓದಬಹುದಾದ) ಕಾಲೇಜುಗಳಿಗೆ ಅರ್ಜಿ ಹಾಕಬೇಕೆಂದಿದ್ದಾಳೆ. ಅವುಗಳಲ್ಲಿ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ ಐಚ್ಛಿಕವೆಂದು ತಿಳಿಯಿತು. ಆದರೆ ಆ ಅಂಕವಿಲ್ಲದಿದ್ದರೆ ಹೊರದೇಶದವರ ಅರ್ಜಿಯನ್ನು ತೆರೆದೂ ನೋಡುವುದಿಲ್ಲವೆಂದು ಇಲ್ಲಿ ಕೆಲವರು ಹೆದರಿಸುತ್ತಿದ್ದಾರೆ. ಸಿಇಟಿ ಸಿದ್ಧತೆಯ ನಡುವೆ ಈ ಹೊರೆಯನ್ನೂ ಹೊರಿಸಬೇಕೇ? ಐಚ್ಛಿಕವೆಂದರೆ ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್‌ಗಳೂ ಬೇಡವೆಂದು ತಿಳಿಯಬಹುದೇ?

ಹಳೆಯ ವಿದ್ಯಾರ್ಥಿನಿ, ಚಿತ್ರದುರ್ಗ

ಸರ್, ಹೆದರಬೇಕಾಗಿಲ್ಲ. ಬೋಡನ್ ಕಾಲೇಜು 1969ರಲ್ಲಿ, ಬೇಟ್ಸ್ 1984ರಲ್ಲಿ ಎಸ್‌ಎಟಿಯ ಕಡ್ಡಾಯವನ್ನು ಕೈಬಿಟ್ಟವು. ಅಂಕವಿಲ್ಲದ ಅರ್ಜಿಗಳನ್ನು ಓದುವುದು ಅಲ್ಲಿನವರಿಗೆ ದಶಕಗಳ ರೂಢಿ. ರೀಡ್ ಕಾಲೇಜಿನವರಂತೂ ಕಳುಹಿಸಿದರೂ ಅದನ್ನು ಪರಿಗಣಿಸುವುದಿಲ್ಲ. ಕೋವಿಡ್ ಕಾಲದಲ್ಲಿ ವಿನಾಯಿತಿ ಕೊಟ್ಟ ಸಂಸ್ಥೆಗಳ ಮಾತು ಬೇರೆ. ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯಗೊಳಿಸುವುದಾಗಿ ಪ್ರಕಟಿಸಿದ್ದರಿಂದ, ಮಗಳು ಸೇರಬೇಕಾದ ವರ್ಷದ ನಿಯಮವನ್ನೇ ಆಯಾ ಕಾಲೇಜಿನ ಪುಟದಲ್ಲಿ ನೋಡಿರಿ.

ಇಂಗ್ಲಿಷ್ ಪರೀಕ್ಷೆಯ ನಿಯಮ ಇದರಿಂದ ಪೂರ್ತಿ ಪ್ರತ್ಯೇಕ. ಹೈಸ್ಕೂಲನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಹಲವು ಕಾಲೇಜುಗಳು ವಿನಾಯಿತಿ ಕೊಡುತ್ತವೆಯಾದರೂ, ಅಮೆರಿಕದಲ್ಲಿ ಹೈಸ್ಕೂಲು ಎಂದರೆ 9ರಿಂದ 12ನೆಯ ತರಗತಿಯವರೆಗಿನ ನಾಲ್ಕು ವರ್ಷ. ನಿಮ್ಮ ಮಗಳು ಅದರಲ್ಲಿ ಎರಡು ವರ್ಷ ಓದಿದ್ದು ಕನ್ನಡದಲ್ಲಿ. ವಿನಾಯಿತಿಯನ್ನು ನಂಬಿ ಕೂರುವ ಬದಲು ಒಂದು ಪರೀಕ್ಷೆ ಬರೆಸಿಬಿಡಿ. ಕಾಲೇಜು ಒಪ್ಪುವುದಾದರೆ ಡ್ಯುಯೊಲಿಂಗೊ ಪರೀಕ್ಷೆಯನ್ನು ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಬರೆಯಬಹುದು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಕರೆಂಟು ಕೈಕೊಡದ ಹೊತ್ತನ್ನು ಆರಿಸಿಕೊಳ್ಳಬೇಕು, ಅಷ್ಟೇ.

ಗಣಿತ ಉಪನ್ಯಾಸಕ, ದಾವಣಗೆರೆ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೂ ಎಸ್‌ಎಟಿಯನ್ನು ಒಮ್ಮೆ ಬರೆಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ನಮ್ಮ ಊರಿನ ಪಿಯು ಕಾಲೇಜಿನಲ್ಲಿ ತೆಗೆದ 95 ಪ್ರತಿಶತ ಎಷ್ಟು ತೂಕದ್ದೆಂದು ಅಳೆಯುವುದು ಬೋಡನ್, ಬೇಟ್ಸ್ ಇರುವ ಮೇನ್ ರಾಜ್ಯದಲ್ಲಿ ಕುಳಿತ ಪ್ರವೇಶಾಧಿಕಾರಿಗೆ ಸುಲಭವಲ್ಲ; ಗಣಿತದಲ್ಲಿ 800ಕ್ಕೆ 770 ಬಂದರೆ ಅದು ಅವರಿಗೆ ಕೂಡಲೇ ಅರ್ಥವಾಗುತ್ತದೆ. ಸಿಇಟಿಗೆ ಓದುತ್ತಿರುವವರಿಗೆ ಈ ಗಣಿತ ಕಠಿಣವೇನಲ್ಲ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳಾದರೆ, ಇಲ್ಲಿ 70 ನಿಮಿಷಕ್ಕೆ 44. ಪರದೆಯ ಮೇಲೆಯೇ ಕ್ಯಾಲ್ಕುಲೇಟರ್ ಇರುತ್ತದೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲ ಭಾಗವನ್ನು ಚೆನ್ನಾಗಿ ಮಾಡಿದವರಿಗಷ್ಟೇ ಎರಡನೆಯ ಭಾಗದಲ್ಲಿ ಕಠಿಣ ಪ್ರಶ್ನೆಗಳು ಬರುವುದರಿಂದ ಆರಂಭದಲ್ಲಿ ಅವಸರಪಡಬಾರದು. ಕನ್ನಡ ಮಾಧ್ಯಮದಿಂದ ಬಂದವರಿಗೆ ನಿಜವಾದ ಕಷ್ಟವಿರುವುದು 64 ನಿಮಿಷದಲ್ಲಿ 54 ಪ್ರಶ್ನೆಗಳ ಓದು ಮತ್ತು ಬರಹದ ವಿಭಾಗದಲ್ಲಿ.

ಅಂಕ ಬಂದ ಮೇಲೆ ಕಳುಹಿಸುವುದೋ ಬಿಡುವುದೋ ನಿಮ್ಮ ಕೈಯಲ್ಲಿದೆ. ಕಾಲೇಜುಗಳು ಪ್ರಕಟಿಸುವ ಮಧ್ಯದ ಶೇಕಡಾ 50ರ ಅಂಕಶ್ರೇಣಿಯನ್ನು (ಮೇಲಿನ ಕಾಲು ಭಾಗ, ಕೆಳಗಿನ ಕಾಲು ಭಾಗ ಬಿಟ್ಟು ನಡುವಿನವರ ಅಂಕಗಳನ್ನು) ನೋಡಿರಿ. ಆದರೆ ಐಚ್ಛಿಕ ಕಾಲೇಜುಗಳಲ್ಲಿ ಅದು ಅಂಕ ಕಳುಹಿಸಿದವರದ್ದು ಮಾತ್ರ, ಕಡಿಮೆ ಬಂದವರು ಕಳುಹಿಸಿರುವುದೇ ಇಲ್ಲ. ಹಾಗಾಗಿ ಆ ಶ್ರೇಣಿ ಇದ್ದದ್ದಕ್ಕಿಂತ ಎತ್ತರವಾಗಿ ಕಾಣುತ್ತದೆ. ಕೆಳಗಿನ ಅಂಚಿನ ಆಸುಪಾಸಿನಲ್ಲಿದ್ದರೂ ನಾನಾದರೆ ಕಳುಹಿಸುತ್ತೇನೆ.

ವಿದ್ಯಾನಗರದ ಪೋಷಕ, ದಾವಣಗೆರೆ

ಇಬ್ಬರಿಗೂ ಧನ್ಯವಾದಗಳು. ಪೂರ್ತಿ ಶುಲ್ಕ ಕಟ್ಟುವ ಶಕ್ತಿ ನಮಗಿಲ್ಲ. ಧನಸಹಾಯ ಕೇಳಿದರೆ ಈ ಲೆಕ್ಕಾಚಾರ ಬದಲಾಗುತ್ತದೆಯೇ?

ಹಳೆಯ ವಿದ್ಯಾರ್ಥಿನಿ, ಚಿತ್ರದುರ್ಗ

ಬೋಡನ್, ಆಮ್ಹರ್ಸ್ಟ್‌ಗಳಲ್ಲಿ ಬದಲಾಗುವುದಿಲ್ಲ. ಹೊರದೇಶದವರ ಪ್ರವೇಶವನ್ನು ತೀರ್ಮಾನಿಸುವಾಗಲೂ ಅವು ಕುಟುಂಬದ ಹಣಕಾಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಳಿದ ಬಹುಪಾಲು ಕಾಲೇಜುಗಳು ತೆಗೆದುಕೊಳ್ಳುತ್ತವೆ. ಅಲ್ಲಿ ನೆರವು ಕೇಳುವವರ ನಡುವೆ ಪೈಪೋಟಿ ಹೆಚ್ಚಿರುವುದರಿಂದ ಉಪನ್ಯಾಸಕರ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಇದರ ಜೊತೆಗೆ 9ನೆಯ ತರಗತಿಯ ಅಂಕಪಟ್ಟಿಯನ್ನು ಈಗಲೇ ಹೈಸ್ಕೂಲಿನಿಂದ ತರಿಸಿ, ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಅನುವಾದಿಸಿ ಮುಖ್ಯೋಪಾಧ್ಯಾಯರ ಸಹಿ, ಮೊಹರು ಹಾಕಿಸಿಡಿ. ಡಿಸೆಂಬರ್ ರಜೆಯಲ್ಲಿ ಶಾಲೆಯ ಕಚೇರಿ ಮುಚ್ಚಿದ್ದರೆ, ಜನವರಿ ಮೊದಲ ವಾರದ ಗಡುವಿಗೆ ಅದನ್ನು ಹೊಂದಿಸುವುದು ಕಷ್ಟವಾದೀತು.