ಸಹಾಯ ಬೇಕು: ಫೆರೈಟ್ ಜಾಸ್ತಿ ಹಾಕಿದರೆ ರಬ್ಬರ್ ಪಟ್ಟಿ ಬಿರುಕು ಬಿಡುತ್ತಿದೆ

ರಬ್ಬರ್ ಕಾಂಪೌಂಡಿಂಗ್ ಗೊತ್ತಿರುವವರು ಯಾರಾದರೂ ಇದ್ದೀರಾ? ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಘಟಕ. ಫ್ರಿಜ್ ಬಾಗಿಲಿನ ಗ್ಯಾಸ್ಕೆಟ್ ಒಳಗೆ ಇರುತ್ತಲ್ಲ, ಆ ಥರದ ಮ್ಯಾಗ್ನೆಟ್ ಪಟ್ಟಿ ಮಾಡಲು ನೋಡುತ್ತಿದ್ದೇವೆ. ನೈಟ್ರೈಲ್ ರಬ್ಬರ್‌ಗೆ ಸ್ಟ್ರಾನ್ಷಿಯಂ ಫೆರೈಟ್ ಪುಡಿ (ಕಾಂತಶಕ್ತಿ ಕೊಡುವುದು ಇದೇ), ಎರಡು ರೋಲ್ ಮಿಲ್‌ನಲ್ಲಿ ಬೆರೆಸುತ್ತೇವೆ.

ಪುಡಿ ಕಮ್ಮಿ ಇದ್ದರೆ ಪಟ್ಟಿ ಚೆನ್ನಾಗಿ ಬಾಗುತ್ತದೆ, ಆದರೆ ಕಬ್ಬಿಣಕ್ಕೆ ಹಿಡಿಯುವುದೇ ಇಲ್ಲ. 100 ಭಾಗ ರಬ್ಬರ್‌ಗೆ 400 ಭಾಗ ಹಾಕಿದರೆ ಹಿಡಿತ ಬರುತ್ತದೆ, ಆದರೆ ಪಟ್ಟಿ ಗಟ್ಟಿ, ಮಡಿಸಿದ ಕಡೆಯೆಲ್ಲ ಬಿರುಕು. ತೂಕದಲ್ಲಿ ಇದು ಶೇ. 80. ಕೇಳಲು ಭಯವಾದರೂ, ಫೆರೈಟ್ ರಬ್ಬರ್‌ಗಿಂತ ಸುಮಾರು ಐದು ಪಟ್ಟು ಭಾರವಾದ್ದರಿಂದ ಗಾತ್ರದಲ್ಲಿ ಶೇ. 44ರ ಆಸುಪಾಸು ಮಾತ್ರ, ಕಾಂತಶಕ್ತಿ ಏರುವುದೂ ಆ ಗಾತ್ರದ ಲೆಕ್ಕದಲ್ಲೇ, ಹಾಗಾಗಿ ಪುಡಿ ಇಳಿಸಲು ಮನಸ್ಸಿಲ್ಲ. ಫೆರೈಟ್, ಟೈರ್‌ಗೆ ಹಾಕುವ ಮಸಿಪುಡಿ ಕಾರ್ಬನ್ ಬ್ಲ್ಯಾಕ್ ಥರ ರಬ್ಬರನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ, ಸುಮ್ನೆ ಮಧ್ಯೆ ಕೂತಿರುತ್ತದೆ, ಎಳೆದಾಗ ಅಲ್ಲೇ ಬಿಟ್ಟುಕೊಳ್ಳುತ್ತದೆ, ಅಲ್ವಾ?

ಸಿಲೇನ್ (ಪುಡಿಯನ್ನು ರಬ್ಬರ್‌ಗೆ ಬೆಸೆಯುವ ರಾಸಾಯನಿಕ) ಹಚ್ಚಿದ ಪುಡಿ ಬಳಸಿದವರು ಹೇಳಿ, ಪಟ್ಟಿ ಹರಿಯುವ ಮೊದಲು ಹಿಗ್ಗುವುದು ನಿಜಕ್ಕೂ ಜಾಸ್ತಿಯಾಯಿತಾ? ಅಥವಾ ರಬ್ಬರ್ ಮೆತ್ತಗೆ ಮಾಡುವ ಪ್ಲಾಸ್ಟಿಸೈಸರ್ ಏರಿಸಿದರೆ ಸಾಕಾ?

ಇನ್ನೊಂದು ವಿಷಯ. ಫೆರೈಟ್ ಕಣಗಳು ಚಪ್ಪಟೆ ಬಿಲ್ಲೆಗಳ ಹಾಗೆ ಇರುವುದರಿಂದ ರೋಲ್‌ಗಳ ನಡುವೆ ಹಾದಾಗ ಒಂದೇ ದಿಕ್ಕಿಗೆ ಮಲಗುತ್ತವೆ, ಆಗ ಅಷ್ಟೇ ಪುಡಿಗೆ ಹಿಡಿತ ಹೆಚ್ಚು. ತೆಳು ಹಾಳೆ ತೆಗೆದು ಒಂದರ ಮೇಲೊಂದು ಇಟ್ಟು ಒತ್ತಿದರೆ ಆ ಲಾಭ ಉಳಿಯುತ್ತದಾ? ಮಾಡಿ ನೋಡಿದವರು ಹಾಳೆಯ ದಪ್ಪ ತಿಳಿಸಿ.

ಫೆರೈಟ್ ಬದಲು ನಿಯೋಡಿಮಿಯಂ ಮ್ಯಾಗ್ನೆಟ್ ಪುಡಿ ಹಾಕಿ ಅಂತ ಮಾತ್ರ ಹೇಳಬೇಡಿ, ಆ ಬೆಲೆಗೆ ಗಿರಾಕಿ ಓಡಿಹೋಗುತ್ತಾನೆ.