ಆರ್ಸೆನಲ್: ಬೇಸಿಗೆಯ ಖರೀದಿ ಮುಗಿಯಿತು, ಜನವರಿಗೆ ಇನ್ನೇನಾದರೂ ಉಳಿದಿದೆಯೇ?

ಪ್ರಶ್ನೆ: ಉತ್ತರ ಲಂಡನ್ ಅಭಿಮಾನಿ

ಎಲ್ಲರಿಗೂ ನಮಸ್ಕಾರ. 2025ರ ಸೆಪ್ಟೆಂಬರ್ 1ರ ಸಂಜೆ ಇಂಗ್ಲೆಂಡಿನ ಟ್ರಾನ್ಸ್‌ಫರ್ ವಿಂಡೊ, ಅಂದರೆ ಆಟಗಾರರನ್ನು ಕೊಂಡು ಮಾರುವ ಅವಧಿ, ಮುಚ್ಚಿದೆ. ಕೆಪಾ, ಸುಬಿಮೆಂಡಿ, ನೋರ್‌ಗೋರ್, ಮಡುಯೆಕೆ, ಮೊಸ್ಕೆರಾ, ಗ್ಯೊಕೆರೆಸ್, ಎಜೆ ಮತ್ತು ಎರವಲಿನ ಮೇಲೆ ಇಂಕಾಪಿಯೆ, ಹೀಗೆ ಒಂದೇ ಬೇಸಿಗೆಯಲ್ಲಿ ಎಂಟು ಮಂದಿ ನಮ್ಮ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ಗೆ ಬಂದಿದ್ದಾರೆ. ಖರ್ಚು 25 ಕೋಟಿ ಪೌಂಡ್ ಆಸುಪಾಸಿನಲ್ಲಿದೆ ಎಂಬ ವರದಿಗಳಿವೆ. ಲೀಡ್ಸ್ ವಿರುದ್ಧ 5-0 ಗೆದ್ದಾಗ ಎಲ್ಲವೂ ಸರಿಯಾಯಿತು ಎನ್ನಿಸಿತ್ತು. ಆದರೆ ಒಂದೇ ವಾರದಲ್ಲಿ ಲಿವರ್‌ಪೂಲ್‌ನ ಮೈದಾನವಾದ ಆನ್‌ಫೀಲ್ಡ್‌ನಲ್ಲಿ ಸೊಬೊಸ್ಲಾಯ್ ಅವರ ಒಂದು ಫ್ರೀ ಕಿಕ್‌ಗೆ ಸೋತು ಬಂದ ಮೇಲೆ ಹಳೆಯ ಅನುಮಾನ ಮತ್ತೆ ತಲೆಯೆತ್ತಿದೆ.

ಮಿಕೆಲ್ ಆರ್ಟೆಟಾ ಅವರು ಮ್ಯಾನೇಜರ್ ಆದದ್ದು 2019ರ ಡಿಸೆಂಬರ್‌ನಲ್ಲಿ. ಮೊದಲ ವರ್ಷದ ಎಫ್‌ಎ ಕಪ್ ಬಿಟ್ಟರೆ 2025ರ ಬೇಸಿಗೆಯವರೆಗೆ ದೊಡ್ಡ ಪ್ರಶಸ್ತಿ ಯಾವುದೂ ಬಂದಿಲ್ಲ. ಪ್ರೀಮಿಯರ್ ಲೀಗ್‌ನಲ್ಲಿ ಸತತ ಮೂರು ವರ್ಷ ಎರಡನೆಯ ಸ್ಥಾನ. ಇಷ್ಟು ವರ್ಷಗಳ ಈ ತಂಡ ಕಟ್ಟುವಿಕೆಯಲ್ಲಿ ನಿಜವಾಗಿ ಒಂದು ಕ್ರಮವಿದೆಯೇ, ಇಲ್ಲವೇ ಪ್ರತಿ ಬೇಸಿಗೆಯಲ್ಲೂ ಹಿಂದಿನ ವರ್ಷದ ಗಾಯಕ್ಕೆ ಪಟ್ಟಿ ಕಟ್ಟಲಾಗುತ್ತಿದೆಯೇ? ಜನವರಿಯಲ್ಲಿ ಮತ್ತೆ ಯಾರನ್ನಾದರೂ ಕೊಳ್ಳುವ ಅಗತ್ಯ ಮತ್ತು ಸಾಧ್ಯತೆ ಎಷ್ಟಿದೆ? ಬರೀ ಅಭಿಮಾನದ ಉತ್ತರಗಳಿಗಿಂತ ವಿವರವಾದ ಅಭಿಪ್ರಾಯಗಳನ್ನು ನಿರೀಕ್ಷಿಸುತ್ತೇನೆ.

ಉತ್ತರ: ಹಳೇ ಹೈಬರಿ

ಕ್ರಮವಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಆ ಕ್ರಮದಲ್ಲಿ ಗೋಲು ಹೊಡೆಯುವ ಮುಂದಿನ ಸಾಲು ಕಡೆಯ ಸರದಿಗೆ ಉಳಿಯಿತು, ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಆರ್ಟೆಟಾ ಅವರ ಮೊದಲ ಎರಡು ವರ್ಷ ಕಟ್ಟುವುದಕ್ಕಿಂತ ಕೆಡವುವುದರಲ್ಲೇ ಹೆಚ್ಚಾಗಿ ಕಳೆದವು. ಓಜಿಲ್ 2021ರ ಜನವರಿಯಲ್ಲಿ ಹೊರಟರು. ಚೆಲ್ಸಿಯಿಂದ ಮೂರು ವರ್ಷದ ಕರಾರಿನ ಮೇಲೆ ಬಂದಿದ್ದ ವಿಲಿಯನ್ ಒಂದೇ ವರ್ಷಕ್ಕೆ ಬಿಟ್ಟುಹೋದರು; ಮೂವತ್ತು ದಾಟಿದ ಆಟಗಾರನಿಗೆ ಅಷ್ಟು ದೀರ್ಘ ಕರಾರು ಕೊಟ್ಟದ್ದು ಈ ಅವಧಿಯ ಅತ್ಯಂತ ಕೆಟ್ಟ ನಿರ್ಧಾರಗಳಲ್ಲಿ ಒಂದು. ನಾಯಕನಾಗಿದ್ದ ಔಬಮೆಯಾಂಗ್ ಅವರನ್ನು 2022ರ ಜನವರಿ ವಿಂಡೊದ ಕೊನೆಗೆ ಬಾರ್ಸಿಲೋನಾಗೆ ಉಚಿತವಾಗಿ ಬಿಟ್ಟುಕೊಟ್ಟರು. ಇದೆಲ್ಲದರ ನಡುವೆ 2021ರ ಬೇಸಿಗೆಯಲ್ಲಿ ವೈಟ್, ಒಡೆಗಾರ್ಡ್, ರಾಮ್ಸ್‌ಡೇಲ್, ಟೊಮಿಯಾಸು, ಲೊಕೊಂಗಾ, ತವಾರೆಸ್ ಬಂದರು. ಆರು ಮಂದಿಯಲ್ಲಿ ಒಬ್ಬರೂ 23 ವರ್ಷ ದಾಟಿದವರಲ್ಲ. ಆ ಋತುವಿನ ಮೊದಲ ಮೂರು ಪಂದ್ಯಗಳನ್ನೂ ಸೋತಾಗ ಇದೇ ಗುಂಪಿನಲ್ಲಿ ಎಷ್ಟು ಜನ ಮ್ಯಾನೇಜರ್ ಬದಲಾಗಲಿ ಎಂದು ಬರೆದಿದ್ದರೆಂಬುದು ಹಳಬರಿಗೆ ನೆನಪಿರಬಹುದು.

ಹಿಂದಿನ ಸಾಲು ಮೊದಲು ಗಟ್ಟಿಯಾಯಿತು. ಗೇಬ್ರಿಯಲ್ 2020ರಲ್ಲಿ ಲೀಲ್‌ನಿಂದ ಬಂದಿದ್ದರು. ಸಲೀಬಾ ಮಾರ್ಸೇಯ ಎರವಲು ಮುಗಿಸಿ 2022ರಲ್ಲಿ ಮರಳಿದರು. ನಂತರ ಮಧ್ಯಭಾಗ: 2023ರಲ್ಲಿ ಡೆಕ್ಲನ್ ರೈಸ್ ಅವರಿಗೆ 10 ಕೋಟಿ ಪೌಂಡ್ ಮತ್ತು ಮೇಲೆ 50 ಲಕ್ಷ. 2023-24ರಲ್ಲಿ ತಂಡ ಬಿಟ್ಟುಕೊಟ್ಟದ್ದು ಬರೀ 29 ಗೋಲು, ಹೊಡೆದದ್ದು 91, ಅಂಕ 89. ಆದರೂ ಮ್ಯಾಂಚೆಸ್ಟರ್ ಸಿಟಿ 91 ಅಂಕ ಗಳಿಸಿತು.

ಮುಂದಿನ ಸಾಲಿನ ವಿಷಯಕ್ಕೆ ಬಂದರೆ, ಜೀಸಸ್ ಮತ್ತು ಹಾವರ್ಟ್ಸ್ ಇಬ್ಬರೂ ಚೆಂಡಿನೊಂದಿಗೆ ಜಾಣರು, ಇಬ್ಬರೂ ಎದುರಾಳಿಯ ಮೇಲೆ ಒತ್ತಡ ಹೇರುವವರು. ಆದರೆ ಋತುವಿಗೆ 25 ಗೋಲು ಹೊಡೆಯುವ ಆಳುಗಳಲ್ಲ. 2025ರ ಫೆಬ್ರುವರಿಯಲ್ಲಿ ಏನಾಯಿತು ನೋಡಿ. ಸಾಕಾ ಡಿಸೆಂಬರ್‌ನಿಂದಲೇ ಹೊರಗಿದ್ದರು. ಜನವರಿಯಲ್ಲಿ ಜೀಸಸ್ ಅವರ ಮೊಣಕಾಲು ಹೋಯಿತು. ಕೊಳ್ಳಲು ನೋಡಿದ ಸ್ಟ್ರೈಕರ್ ವಾಟ್ಕಿನ್ಸ್ ಅವರನ್ನು ಆಸ್ಟನ್ ವಿಲ್ಲಾ ಬಿಟ್ಟುಕೊಡಲಿಲ್ಲ, ಬೇರೆ ಯಾರೂ ಬರದೆ ವಿಂಡೊ ಮುಚ್ಚಿತು. ಮುಚ್ಚಿದ ಕೆಲವೇ ದಿನಗಳಲ್ಲಿ ಮಾರ್ಟಿನೆಲ್ಲಿ ಮತ್ತು ದುಬೈ ಶಿಬಿರದಲ್ಲಿ ಹಾವರ್ಟ್ಸ್ ಗಾಯಗೊಂಡರು. ಫೆಬ್ರುವರಿ 15ರಂದು ಲೆಸ್ಟರ್‌ನಲ್ಲಿ ಮುಕ್ಕಾಲು ಪಂದ್ಯ ಕಳೆದರೂ ಗೋಲಿಲ್ಲದ್ದರಿಂದ, ಮಿಡ್‌ಫೀಲ್ಡರ್ ಮೆರಿನೊ ಅವರನ್ನು ಸ್ಟ್ರೈಕರ್ ಜಾಗಕ್ಕೆ ಇಳಿಸಲಾಯಿತು. ಅವರು 81ನೇ ನಿಮಿಷದಲ್ಲಿ ನ್ವಾನೆರಿ ಕಳುಹಿಸಿದ ಕ್ರಾಸ್‌ಗೆ ತಲೆಕೊಟ್ಟು ಒಂದು, 87ರಲ್ಲಿ ಇನ್ನೊಂದು ಗೋಲು ಹೊಡೆದು ಮಾನ ಉಳಿಸಿದರು. ಅದು ಮೆರಿನೊ ಅವರ ದೊಡ್ಡತನ, ತಂಡ ಕಟ್ಟಿದವರದ್ದಲ್ಲ. ಮುಂದಿನ ಎರಡು ಲೀಗ್ ಪಂದ್ಯಗಳಲ್ಲಿ, ವೆಸ್ಟ್ ಹ್ಯಾಮ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ, ಒಂದು ಗೋಲೂ ಬರಲಿಲ್ಲ. ಹಿಂದಿನ ವರ್ಷದ 91 ಗೋಲು 69ಕ್ಕೆ ಇಳಿಯಿತು, 14 ಪಂದ್ಯ ಡ್ರಾ ಆದವು, ಲಿವರ್‌ಪೂಲ್ ಹತ್ತು ಅಂಕಗಳ ಅಂತರದಲ್ಲಿ ಪಟ್ಟ ಏರಿತು.

ಈ ದೃಷ್ಟಿಯಿಂದ ಗ್ಯೊಕೆರೆಸ್ ಅವರ ಖರೀದಿ ಎರಡು ವರ್ಷ ತಡವಾಗಿ ಬಂದ ಸರಿಯಾದ ಖರೀದಿ.

ಉತ್ತರ: ಲೆಕ್ಕದ ಪುಸ್ತಕ

ಮೇಲಿನ ವಿವರಣೆಗೆ ಹಣದ ಮಗ್ಗುಲನ್ನು ಸೇರಿಸುತ್ತೇನೆ. ಜನವರಿಯ ಸಾಧ್ಯತೆ ನಿಂತಿರುವುದು ಅದರ ಮೇಲೆಯೇ.

ಈ ಋತುವಿನ (2025-26) ಪ್ರೀಮಿಯರ್ ಲೀಗ್ ನಿಯಮದ ಪ್ರಕಾರ ಕ್ಲಬ್ಬೊಂದು ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿಲ್ಲ. ಯುವ ತಂಡ, ಮಹಿಳಾ ತಂಡ, ಕ್ರೀಡಾಂಗಣದ ಖರ್ಚುಗಳನ್ನು ಅದರಲ್ಲಿ ಸೇರಿಸುವುದಿಲ್ಲ. ಆಟಗಾರನ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚಿ ಲೆಕ್ಕಕ್ಕೆ ಬರೆಯುತ್ತಾರೆ, ಈಗ ಗರಿಷ್ಠ ಐದು ವರ್ಷಕ್ಕೆ. 6 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಕರಾರಿಗೆ ತಂದವನು ವರ್ಷಕ್ಕೆ 1.2 ಕೋಟಿಯ ಖರ್ಚಾಗಿ ಕಾಣುತ್ತಾನೆ. ಎರಡು ವರ್ಷದ ನಂತರ ಅವನನ್ನು 3.6 ಕೋಟಿಗಿಂತ ಕಡಿಮೆಗೆ ಮಾರಿದರೆ ಪುಸ್ತಕದಲ್ಲಿ ನಷ್ಟ. ಹಾಗಾಗಿ 25 ಕೋಟಿ ಎಂಬ ಅಂಕಿ ಕಂಡು ಗಾಬರಿಯಾಗಬೇಕಿಲ್ಲ. ಆದರೆ ಕೊಂಡು ತಂದ ಏಳು ಮಂದಿಯ ಕಂತು ಮುಂದಿನ ವರ್ಷಗಳ ಲೆಕ್ಕದಲ್ಲೂ ಕೂತಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಆರ್ಸೆನಲ್‌ನ ನಿಜವಾದ ದೌರ್ಬಲ್ಯ ಮಾರಾಟ. ಈ ಬೇಸಿಗೆಯಲ್ಲಿ ಪಾರ್ಟಿ ಮತ್ತು ಜೋರ್ಜಿನ್ಯೊ ಹಣ ತರದೆ ಹೋದರು. ಜಿಂಚೆಂಕೊ ಫಾರೆಸ್ಟ್‌ಗೆ, ಕಿವಿಯೋರ್ ಪೋರ್ಟೊಗೆ, ನೆಲ್ಸನ್ ಬ್ರೆಂಟ್‌ಫರ್ಡ್‌ಗೆ, ಫಾಬಿಯೊ ವಿಯೆರಾ ಹ್ಯಾಂಬರ್ಗ್‌ಗೆ ಹೋದದ್ದೆಲ್ಲ ಎರವಲಿನ ಮೇಲೆ. ಕೊಳ್ಳುವಾಗ ಇರುವ ಜಾಣತನ ಮಾರುವಾಗ ಇರುವುದಿಲ್ಲ. ಮಾರ್ಚ್‌ನಲ್ಲಿ ಹೊಸ ಕ್ರೀಡಾ ನಿರ್ದೇಶಕರಾಗಿ ಬಂದ ಆಂಡ್ರೆಯಾ ಬೆರ್ಟಾ ಅವರ ಪರೀಕ್ಷೆ ಇಲ್ಲೇ ಆಗಲಿದೆ. ಇಂಕಾಪಿಯೆ ಅವರನ್ನು ನೇರವಾಗಿ ಕೊಳ್ಳದೆ, ಮುಂದೆ ಕೊಳ್ಳುವ ಅವಕಾಶ ಉಳಿಸಿಕೊಂಡು ಎರವಲು ತಂದದ್ದರ ಹಿಂದೆಯೂ ಈ ಲೆಕ್ಕವೇ ಇದೆ ಎನ್ನುವುದು ನನ್ನ ಊಹೆ. 2023ರಲ್ಲಿ ಗೋಲ್‌ಕೀಪರ್ ರಾಯಾ ಬಂದದ್ದೂ ಇದೇ ದಾರಿಯಲ್ಲಿ.

ಇನ್ನು ಆಟಗಾರರ ಪಟ್ಟಿಯ ಮಿತಿ. ಲೀಗ್‌ಗೆ 25 ಹೆಸರು ಕೊಡಬಹುದು. ಇಂಗ್ಲೆಂಡ್ ಅಥವಾ ವೇಲ್ಸ್‌ನ ಕ್ಲಬ್‌ಗಳಲ್ಲಿ ಬೆಳೆದವರಲ್ಲದವರು ಅದರಲ್ಲಿ 17ಕ್ಕಿಂತ ಹೆಚ್ಚಿರುವಂತಿಲ್ಲ. ರೈಸ್, ಸಾಕಾ, ವೈಟ್, ಎಜೆ ಅಂಥವರ ಬೆಲೆ ಏರುವುದಕ್ಕೆ ಇದೂ ಒಂದು ಕಾರಣ. 2004ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರಿಗೆ ಈ ಋತುವಿನ ಪಟ್ಟಿಯಲ್ಲಿ ಜಾಗವೇ ಬೇಕಿಲ್ಲ. ಮೊಸ್ಕೆರಾ ಹುಟ್ಟಿದ್ದು ಅದೇ ವರ್ಷದ ಜೂನ್‌ನಲ್ಲಿ. ಅಂಥ ವಯಸ್ಸಿನ, ಆಡಲು ತಯಾರಾದ ಸೆಂಟರ್ ಬ್ಯಾಕ್ (ಹಿಂದಿನ ಸಾಲಿನ ನಡುವೆ ನಿಲ್ಲುವವನು) ಅಗ್ಗಕ್ಕೆ ಸಿಕ್ಕಿದ್ದು ಈ ಬೇಸಿಗೆಯ ಅತ್ಯಂತ ಲಾಭದ ವ್ಯವಹಾರ ಎಂದು ನಾನು ಹೇಳುತ್ತೇನೆ, ಗ್ಯೊಕೆರೆಸ್ ಅವರದ್ದಲ್ಲ.

ಉತ್ತರ: ಎಡಬದಿಯ ಆಟ

ಹಳೇ ಹೈಬರಿಯವರ ಮಾತಿನ ಒಂದು ಭಾಗವನ್ನು ನಾನು ಒಪ್ಪುವುದಿಲ್ಲ. ಸ್ಟ್ರೈಕರ್ ಇಲ್ಲದ್ದರಿಂದಲೇ ಪಟ್ಟ ತಪ್ಪಿತು ಎನ್ನುವುದು 2024-25ಕ್ಕೆ ಒಪ್ಪಬಹುದಾದ ಮಾತು. 2022-23ಕ್ಕೆ ಅದು ಒಪ್ಪುವುದಿಲ್ಲ. ಆ ವರ್ಷ ಮಾರ್ಚ್‌ನಲ್ಲಿ ಯೂರೋಪಾ ಲೀಗ್‌ನ ಸ್ಪೋರ್ಟಿಂಗ್ ಪಂದ್ಯದಲ್ಲಿ ಸಲೀಬಾ ಮತ್ತು ಟೊಮಿಯಾಸು ಇಬ್ಬರೂ ಗಾಯಗೊಂಡರು. ಸಲೀಬಾ ಜಾಗಕ್ಕೆ ಹೋಲ್ಡಿಂಗ್ ಬಂದರು. ಅವರು ಕೆಟ್ಟ ಆಟಗಾರರೇನಲ್ಲ, ಆದರೆ ಬೆನ್ನ ಹಿಂದೆ ಅಷ್ಟು ಜಾಗ ಬಿಟ್ಟು ಮೈದಾನದ ನಡುಗೆರೆಯ ಹತ್ತಿರ ನಿಲ್ಲುವುದು ಅವರ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಹಾಗಾಗಿ ಇಡೀ ಹಿಂದಿನ ಸಾಲು ಕೆಳಗೆ ಸರಿಯಿತು, ಮಧ್ಯಭಾಗ ಬಿಚ್ಚಿಕೊಂಡಿತು. ಲಿವರ್‌ಪೂಲ್ ಮತ್ತು ವೆಸ್ಟ್ ಹ್ಯಾಮ್ ವಿರುದ್ಧ ಎರಡು ಗೋಲಿನ ಮುನ್ನಡೆ ಕಳೆದುಕೊಂಡು 2-2, ಕೊನೆಯ ಸ್ಥಾನದಲ್ಲಿದ್ದ ಸೌತಾಂಪ್ಟನ್ ವಿರುದ್ಧ 3-3, ಕಡೆಗೆ ಸಿಟಿಯಲ್ಲಿ 4-1 ಸೋಲು. ಸ್ಟ್ರೈಕರ್ ಹೋಗಲಿ, ಬದಲಿಗೆ ನಿಲ್ಲಬಲ್ಲ ಒಬ್ಬ ಸೆಂಟರ್ ಬ್ಯಾಕ್ ಇಲ್ಲದೆ ಪಟ್ಟ ಹೋಯಿತು.

ಈಗ ಆನ್‌ಫೀಲ್ಡ್ ಪಂದ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಐದೇ ನಿಮಿಷಕ್ಕೆ ಸಲೀಬಾ ಪಾದದ ಗಂಟಿನ ನೋವಿನಿಂದ ಹೊರನಡೆದರು, ಮೊಸ್ಕೆರಾ ಬಂದರು. ಎಕಿಟಿಕೆ ಮತ್ತು ಸಲಾ ಎದುರಿಗಿದ್ದರೂ ಹಿಂದಿನ ಸಾಲು ತಾನು ನಿಲ್ಲಬೇಕಾದ ಎತ್ತರದಲ್ಲೇ ನಿಂತಿತು. ಸಾಕಾ ಗಾಯದಿಂದ ಹೊರಗಿದ್ದರು, ಒಡೆಗಾರ್ಡ್ ಬೆಂಚಿನಲ್ಲಿದ್ದರು, ಹಾವರ್ಟ್ಸ್ ಇರಲೇ ಇಲ್ಲ. ಇಷ್ಟಾದರೂ 83ನೇ ನಿಮಿಷದವರೆಗೆ ಪಂದ್ಯ 0-0. ಪ್ರಶ್ನೆ ಕೇಳಿದವರು ಈ ಸೋಲನ್ನು ಹಳೆಯ ರೋಗದ ಲಕ್ಷಣ ಎಂದು ಓದಿದ್ದಾರೆ. ನನಗಂತೂ ಅಲ್ಲಿ ಕಂಡದ್ದು, ಬದಲಿ ಆಟಗಾರ ಬಂದಾಗ ಆಟದ ರೀತಿ ಬದಲಾಗದಿರುವ ತಂಡ. ತಂಡ ಕಟ್ಟುವುದು ಎಂದರೆ ಹನ್ನೊಂದು ಹೆಸರು ಜೋಡಿಸುವುದಲ್ಲ, ಹನ್ನೆರಡನೆಯವನಿಂದ ಹದಿನೆಂಟನೆಯವನವರೆಗೆ ಯಾರು ಬಂದರೂ ಅದೇ ಆಟ ನಡೆಯುವಂತೆ ಮಾಡುವುದು. ಆ ದಿನ ಗೆಲ್ಲುವ ಧೈರ್ಯ ಸಾಲಲಿಲ್ಲ ಎಂದು ದೂರಿದರೆ ನಾನೂ ಜೊತೆಗೆ ದನಿಗೂಡಿಸುತ್ತೇನೆ. ಅದು ಮ್ಯಾನೇಜರ್ ಅವರ ಆಯ್ಕೆಯ ಮಾತು, ಖರೀದಿಯ ಮಾತಲ್ಲ.

ನನಗಿರುವ ಆತಂಕ ಬೇರೆ. ಲೆಫ್ಟ್ ಬ್ಯಾಕ್ ಜಾಗಕ್ಕೆ ಕಲಫಿಯೋರಿ, ಲೂಯಿಸ್-ಸ್ಕೆಲ್ಲಿ, ಈಗ ಇಂಕಾಪಿಯೆ ಕೂಡ. ಬಲ ಅಂಚಿಗೆ ಸಾಕಾ, ಮಡುಯೆಕೆ, ನ್ವಾನೆರಿ. ಲೂಯಿಸ್-ಸ್ಕೆಲ್ಲಿ ಮತ್ತು ನ್ವಾನೆರಿ ಇಬ್ಬರೂ ಈ ಬೇಸಿಗೆಯಲ್ಲಿ ಹೊಸ ಕರಾರಿಗೆ ಸಹಿ ಹಾಕಿದ್ದಾರೆ, ಆದರೆ ಸಹಿಯಿಂದ ಮೈದಾನದ ನಿಮಿಷಗಳು ಬರುವುದಿಲ್ಲ. ಲೆಕ್ಕದ ಪುಸ್ತಕದವರು ಹೇಳದೆ ಬಿಟ್ಟ ಒಂದು ಮಾತಿದೆ: ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಖರೀದಿ ಬೆಲೆ ಇರುವುದಿಲ್ಲವಾದ್ದರಿಂದ ಅವನನ್ನು ಮಾರಿದ ಹಣವೆಲ್ಲ ಪುಸ್ತಕದಲ್ಲಿ ಲಾಭವೇ. 2024ರಲ್ಲಿ ಸ್ಮಿತ್ ರೋ ಮತ್ತು ಎನ್ಕೆಟಿಯಾ ಹೋದ ದಾರಿ ಅದು. ಹದಿಮೂರನೆಯ ವಯಸ್ಸಿನಲ್ಲಿ ಇದೇ ಕ್ಲಬ್ ಕೈಬಿಟ್ಟ ಎಜೆ ಅವರನ್ನು ಈಗ 6 ಕೋಟಿ ಪೌಂಡ್ ಆಸುಪಾಸು ಕೊಟ್ಟು ತಂದಿರುವವರು ಈ ಇಬ್ಬರು ಹುಡುಗರ ವಿಷಯದಲ್ಲಿ ಸ್ವಲ್ಪ ತಾಳ್ಮೆ ತೋರಿಸಲಿ.

ಪ್ರಶ್ನೆ ಕೇಳಿದವರು: ಉತ್ತರ ಲಂಡನ್ ಅಭಿಮಾನಿ

ಮೂವರಿಗೂ ಧನ್ಯವಾದಗಳು. ಹೋಲ್ಡಿಂಗ್ ಮತ್ತು ಮೊಸ್ಕೆರಾ ಅವರ ಹೋಲಿಕೆ ನನ್ನ ಅನುಮಾನವನ್ನು ಬಹುಮಟ್ಟಿಗೆ ಪರಿಹರಿಸಿತು. ಹಾಗಾದರೆ ಜನವರಿಯಲ್ಲಿ ಕೈಕಟ್ಟಿ ಕುಳಿತುಕೊಳ್ಳುವುದೇ ಒಳಿತೇ? ಗ್ಯೊಕೆರೆಸ್ ಸ್ಪೋರ್ಟಿಂಗ್‌ನಲ್ಲಿ ಕಳೆದ ಋತುವಿನ 52 ಪಂದ್ಯಗಳಲ್ಲಿ 54 ಗೋಲು ಹೊಡೆದವರೆಂಬುದು ನಿಜ. ಆದರೆ ಜೀಸಸ್ ಮತ್ತು ಹಾವರ್ಟ್ಸ್ ಇಬ್ಬರೂ ಚೇತರಿಸಿಕೊಳ್ಳುತ್ತಿರುವಾಗ ಅವರಿಗೇ ಏನಾದರೂ ಆದರೆ ಮತ್ತೆ ಮೆರಿನೊ ಅವರೇ ಗತಿಯಲ್ಲವೇ?

ಉತ್ತರ: ಹಳೇ ಹೈಬರಿ

ಎಡಬದಿಯವರ ಆಕ್ಷೇಪ 2022-23ರ ಮಟ್ಟಿಗೆ ನ್ಯಾಯವಾದದ್ದು. ಆದರೆ 2023ರ ಬೇಸಿಗೆಯಲ್ಲಿ ಹಾವರ್ಟ್ಸ್ ಅವರಿಗೆ ಕೊಟ್ಟ 6.5 ಕೋಟಿಯನ್ನು ನಿಜವಾದ ಗೋಲುಗಾರನ ಮೇಲೆ ಹಾಕಿದ್ದರೆ ಆ ಮುಂದಿನ ವರ್ಷದ ಎರಡು ಅಂಕಗಳ ಕೊರತೆ ತುಂಬುತ್ತಿತ್ತು ಎಂಬ ನನ್ನ ನಂಬಿಕೆಯನ್ನು ನಾನು ಬಿಡುವುದಿಲ್ಲ.

ಜನವರಿಯ ವಿಷಯ. ಆ ತಿಂಗಳ ಖರೀದಿಗಳೆಲ್ಲ ಬಾಯಾರಿದಾಗ ಬಾವಿ ತೋಡಿದಂತೆ ಎನ್ನುವವರಿದ್ದಾರೆ. ಆರ್ಸೆನಲ್‌ನ ಅನುಭವ ಪೂರ್ತಿ ಹಾಗಿಲ್ಲ. ಒಡೆಗಾರ್ಡ್ ಮೊದಲು ಬಂದದ್ದೇ 2021ರ ಜನವರಿಯ ಎರವಲಿನ ಮೇಲೆ. 2023ರ ಜನವರಿಯಲ್ಲಿ ನಮ್ಮವರು ಬಯಸಿದ್ದ ಮುದ್ರಿಕ್ ಚೆಲ್ಸಿಯ ಪಾಲಾದಾಗ ಬೈದವರೇ, ಅವರ ಬದಲು ಬಂದ ಟ್ರೊಸಾರ್ಡ್ ಅವರಿಗೆ ಆಮೇಲೆ ಚಪ್ಪಾಳೆ ತಟ್ಟಿದರು. ಈ ಎರಡೂ ಫಲಿಸಿದ್ದು, ಬೇಕಾದ ಗುಣ ಯಾವುದೆಂಬುದು ಮೊದಲೇ ತಿಳಿದಿದ್ದರಿಂದ ಮತ್ತು ಬೆಲೆ ಕೈಗೆಟುಕುವಷ್ಟಿದ್ದುದರಿಂದ. ಮೊದಲ ದರ್ಜೆಯ ಸ್ಟ್ರೈಕರ್ ಅನ್ನು ಋತುವಿನ ನಡುವೆ ಯಾವ ಕ್ಲಬ್ಬೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. 2022ರಲ್ಲಿ ವ್ಲಾಹೊವಿಚ್ ಮಾರುಕಟ್ಟೆಗೆ ಬಂದಾಗಲೂ ಅವರು ಯುವೆಂಟಸ್‌ಗೆ ಹೋದರು. ಜೀಸಸ್ ಮತ್ತು ಹಾವರ್ಟ್ಸ್ ಇಬ್ಬರಲ್ಲಿ ಒಬ್ಬರಾದರೂ ಹೊಸ ವರ್ಷಕ್ಕೆ ಆಡುವಂತಾದರೆ ಆ ಜಾಗಕ್ಕೆ ಹಣ ಸುರಿಯುವ ಅಗತ್ಯವಿಲ್ಲ. ಇಬ್ಬರೂ ಆಗದಿದ್ದರೆ ಆರು ತಿಂಗಳ ಎರವಲು ಸಾಕು.

ನಾನಾಗಿದ್ದರೆ ಆ ತಿಂಗಳ ಹಣವನ್ನೂ ಮಾತುಕತೆಯ ಶಕ್ತಿಯನ್ನೂ ಬೇರೆಡೆಗೆ ತಿರುಗಿಸುತ್ತಿದ್ದೆ. ಗೇಬ್ರಿಯಲ್ ಜೂನ್‌ನಲ್ಲೇ 2029ರವರೆಗೆ ಸಹಿ ಹಾಕಿದ್ದಾರೆ. 2025ರ ಸೆಪ್ಟೆಂಬರ್ ಆರಂಭದಲ್ಲಿ ಇರುವಂತೆ ಸಾಕಾ ಮತ್ತು ಸಲೀಬಾ ಇಬ್ಬರ ಕರಾರೂ 2027ರಲ್ಲಿ ಮುಗಿಯುತ್ತದೆ. ಮುಂದಿನ ಬೇಸಿಗೆಗೆ ಅವರ ಕರಾರಿನಲ್ಲಿ ಒಂದೇ ವರ್ಷ ಉಳಿದಿರುತ್ತದೆ, ಆಗ ಮಾತಿನ ಮೇಲುಗೈ ಆಟಗಾರನದ್ದು. ಹಿಂದೆ ಇಲ್ಲೇ ಆಡುತ್ತಿದ್ದ ಸ್ಯಾಂಚೆಜ್ ಮತ್ತು ರಾಮ್ಸಿ ಅವರ ವಿಷಯದಲ್ಲಿ ಆ ಹಂತದವರೆಗೆ ಕಾದು ಒಬ್ಬರನ್ನು ವಿನಿಮಯಕ್ಕೂ ಇನ್ನೊಬ್ಬರನ್ನು ಬಿಡಿಗಾಸಿಲ್ಲದೆಯೂ ಕಳೆದುಕೊಂಡ ಕ್ಲಬ್ ಇದು. ಸಾಕಾ ಮತ್ತು ಸಲೀಬಾ ಅವರ ಸಹಿ ಕ್ರಿಸ್‌ಮಸ್ ಒಳಗೆ ಬಿದ್ದರೆ, ಜನವರಿಯಲ್ಲಿ ಯಾರೊಬ್ಬರೂ ಬರದಿದ್ದರೂ ನನ್ನದೇನೂ ತಕರಾರಿಲ್ಲ.